ಹೆಸರಿನ ಹಕ್ಕಿನ ವ್ಯಾಪಾರವೂ ಸಾಮಾಜಿಕ ಜಾಲತಾಣವೂ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳನ್ನು ಕುರಿತು

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಪೇಟೆಗಳಲ್ಲಿ ಇಂದು ಸಂಚರಿಸುವವರಿಗೆ ಎರಡು ಬಗೆಯ ನಾಮಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದು ಬಗೆಯವು ದೇವರ ಹೆಸರನ್ನೋ ಮನೆತನದ ಅಡ್ಡಹೆಸರನ್ನೋ ಹೊತ್ತವು. ಅಂಗಡಿಯ ಗಾದಿಯ ಮೇಲೆ ಕುಳಿತವರೇ ಆ ಹೆಸರಿಗೂ ಒಡೆಯರು. ಇನ್ನೊಂದು ಬಗೆಯವು ಹುಬ್ಬಳ್ಳಿಯಲ್ಲಿಯೂ ಪುಣೆಯಲ್ಲಿಯೂ ಇರುವ ಫಲಕಗಳ ಪಡಿಯಚ್ಚು. ಬಣ್ಣ ಅದೇ, ಅಕ್ಷರಗಳ ಆಕಾರ ಅದೇ, ಒಳಗಿನ ಗಾಜಿನ ಕಪಾಟೂ ಅದೇ. ಇಲ್ಲಿ ಬಂಡವಾಳ ಹೂಡಿದವನು ಊರಿನವನು, ಹೆಸರು ಮಾತ್ರ ಪರಸ್ಥಳದ್ದು. ಕೊರಿಯರ್ ಕಛೇರಿ, ಚಿಕ್ಕಮಕ್ಕಳ ಶಾಲೆ, ಕನ್ನಡಕದ ಅಂಗಡಿ, ಹಾಲಿನ ಮಳಿಗೆ ಮೊದಲಾದವುಗಳಲ್ಲಿ ಅನೇಕವು ನಾಡಿನಾದ್ಯಂತ ಈ ಪದ್ಧತಿಯಿಂದ ನಡೆಯುತ್ತವೆ. ಇದಕ್ಕೆ ಫ್ರಾಂಚೈಸಿ ಎಂಬ ಹೆಸರು ರೂಢಿಗೆ ಬಂದಿದೆ. ಇಂತಹ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು, ಆ ನೆರವಿನಿಂದ ಹುಟ್ಟಿದ ನಂಬಿಕೆ ಕಡೆಗೆ ಯಾರ ಸೊತ್ತಾಗುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಪದದ ಅರ್ಥವನ್ನು ವಿಶದಪಡಿಸುವುದು ಅವಶ್ಯ. ನಮ್ಮ ಭಾಗದ ಜನ ಇದನ್ನೂ ‘ಏಜೆನ್ಸಿ’ ಎಂದೇ ಕರೆಯುತ್ತಾರೆ. ಆದರೆ ಎರಡಕ್ಕೂ ಭೇದವುಂಟು. ಏಜೆಂಟನು ಒಡೆಯನ ಸರಕನ್ನು ಒಡೆಯನ ಪರವಾಗಿ ಮಾರಿ ದಲಾಲಿ ಪಡೆಯುತ್ತಾನೆ. ಫ್ರಾಂಚೈಸಿ ಪಡೆದವನಾದರೋ ಸ್ವಂತ ಹಣದಿಂದ ಮಳಿಗೆ ಹಿಡಿದು, ಠೇವಣಿ ಕಟ್ಟಿ, ಮೂಲಸಂಸ್ಥೆ ಹೇಳಿದಂತೆ ಅಂಗಡಿಯನ್ನು ಸಜ್ಜುಗೊಳಿಸಿ, ಮಾರಾಟದ ಹಣದಲ್ಲಿ ಒಂದು ಪಾಲನ್ನು ರಾಯಲ್ಟಿ ಎಂದು ಒಪ್ಪಿಸುತ್ತಾನೆ. ಜಾಹೀರಾತಿನ ವೆಚ್ಚಕ್ಕೆಂದು ಬೇರೊಂದು ಪಾಲು ತೆರುವುದೂ ಅನೇಕ ಕರಾರುಗಳಲ್ಲಿರುತ್ತದೆ. ನಷ್ಟವಾದರೆ ಅದು ಅವನದು. ಅವನು ಕೊಂಡುಕೊಂಡದ್ದು ಸರಕನ್ನಲ್ಲ, ಹೆಸರನ್ನು ಬಳಸುವ ಹಕ್ಕನ್ನು. ಅದೂ ಕೆಲವು ವರ್ಷಗಳ ಮಟ್ಟಿಗೆ.

ಹೆಸರು ಊರೂರಿಗೆ ಹಬ್ಬುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಉಡುಪಿ ಹೋಟೆಲು, ಅಯ್ಯಂಗಾರ್ ಬೇಕರಿ, ನಮ್ಮದೇ ಜಿಲ್ಲೆಯ ಅಮೀನಗಡದ ಕರದಂಟು ಇವುಗಳ ಹೆಸರು ಯಾವ ಕರಾರುಪತ್ರವೂ ಇಲ್ಲದೆ ದೇಶ ಸುತ್ತಿತು. ಅಲ್ಲಿ ಕೆಲಸ ಕಲಿತ ಹುಡುಗನೋ ನೆಂಟನೋ ಮತ್ತೊಂದು ಊರಿಗೆ ಹೋಗಿ ಅದೇ ಹೆಸರನ್ನು ಫಲಕಕ್ಕೇರಿಸಿದನು. ರಾಯಲ್ಟಿ ಕೇಳುವವರು ಯಾರೂ ಇರಲಿಲ್ಲ. ಹೆಸರಿಗೆ ಒಡೆಯರಿಲ್ಲದುದರಿಂದ ಅದು ಬೇಗ ಹಬ್ಬಿತು. ಅದೇ ಕಾರಣದಿಂದ ಗುಣದಲ್ಲಿ ಒಂದೊಂದು ಕಡೆ ಒಂದೊಂದು ಬಗೆಯಾಯಿತು. ಮುಧೋಳದ ಬೇಟೆನಾಯಿಯ ಪಾಡೂ ಇದಕ್ಕಿಂತ ಬೇರೆಯಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚಾಗುವಷ್ಟು ಪ್ರಸಿದ್ಧವಾದ ಈ ತಳಿಯ ಹೆಸರನ್ನು ಹಿಡಿದು ನಡು ಸಣ್ಣಗಿರುವ ಯಾವ ಮರಿಯನ್ನಾದರೂ ಮೊಬೈಲಿನಲ್ಲಿ ಮಾರಲು ಇಂದು ಅಡ್ಡಿಯಿಲ್ಲ. ಫ್ರಾಂಚೈಸಿ ಪದ್ಧತಿಯು ಇದಕ್ಕೆ ವಿರುದ್ಧವಾದುದು. ಹೆಸರಿಗೆ ಒಡೆಯನನ್ನು ನಿಲ್ಲಿಸಿ, ಗುಣವನ್ನು ನಿಯಮಕ್ಕೆ ಕಟ್ಟಿ, ಬಳಕೆಗೆ ಬೆಲೆಯಿಡುವುದೇ ಅದರ ತಿರುಳು.

ಇನ್ನು ಜಾಲತಾಣದ ಮಾತು. ಮೂಲಸಂಸ್ಥೆಗಳು ಫೇಸ್‌ಬುಕ್ಕಿನಲ್ಲಿಯೂ ಇನ್‌ಸ್ಟಾಗ್ರಾಮಿನಲ್ಲಿಯೂ ತಮ್ಮ ಪುಟಗಳನ್ನಿರಿಸಿಕೊಂಡು ದೇಶಕ್ಕೆಲ್ಲ ಒಂದೇ ಚಿತ್ರ, ಒಂದೇ ಮಾತನ್ನು ಬಿತ್ತರಿಸುತ್ತವೆ. ಹೆಸರನ್ನು ಪರಿಚಯಿಸುವುದಕ್ಕೆ ಇದು ಸಾಕು. ಕೊಳ್ಳುವವನನ್ನು ಬನಹಟ್ಟಿಯ ಅಂಗಡಿಯ ಮೆಟ್ಟಿಲು ಹತ್ತಿಸುವುದಕ್ಕೆ ಸಾಲದು. ಆ ಕೆಲಸವನ್ನು ಮಾಡುವುದು ಬಹುಮಟ್ಟಿಗೆ ವಾಟ್ಸ್ಆಪ್. ಅದರ ಒಂದು ಏರ್ಪಾಟು ನಮ್ಮ ವಿಷಯಕ್ಕೆ ತುಂಬ ಸಂಬಂಧಪಟ್ಟಿರುವುದರಿಂದ ಅದನ್ನು ಸ್ವಲ್ಪ ವಿವರಿಸುತ್ತೇವೆ. ಬ್ರಾಡ್‌ಕಾಸ್ಟ್ ಪಟ್ಟಿ ಎಂಬ ಅನುಕೂಲದಿಂದ ವ್ಯಾಪಾರಿಯು 256 ಮಂದಿಗೆ ಏಕಕಾಲದಲ್ಲಿ ಸಂದೇಶ ಕಳುಹಿಸಬಹುದು. ಆದರೆ ವ್ಯಾಪಾರಿಯ ನಂಬರನ್ನು ತಮ್ಮ ಮೊಬೈಲಿನಲ್ಲಿ ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಂದರೆ ಗಿರಾಕಿಯು ಮೊದಲು ವ್ಯಾಪಾರಿಯನ್ನು ತನ್ನ ಪರಿಚಯಸ್ಥರ ಸಾಲಿಗೆ ಸೇರಿಸಿಕೊಂಡಿರಬೇಕು. 2018ರ ಜುಲೈಯಲ್ಲಿ, ಸುಳ್ಳುಸುದ್ದಿಯಿಂದ ಕೊಲೆಗಳಾದ ತರುವಾಯ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಭಾರತದಲ್ಲಿ ಮಿತಿಯನ್ನು ಹಾಕಲಾಯಿತು. ಈ ಎರಡು ಕಟ್ಟುಗಳು ಸೇರಿ, ಪರಿಚಯವಿಲ್ಲದ ದೊಡ್ಡ ದನಿಗಿಂತ ಪರಿಚಯವುಳ್ಳ ಸಣ್ಣ ದನಿಗೆ ಹೆಚ್ಚು ಬಲವನ್ನು ಕೊಟ್ಟಿವೆ. ಒಂದು ಊರಿನಲ್ಲಿ ಹತ್ತಾರು ವರ್ಷ ಬಾಳಿ, ಮದುವೆ ಮುಂಜಿಗಳಿಗೆ ಹೋಗಿ ಬಂದ ಅಂಗಡಿಕಾರನ ನಂಬರು ಎಷ್ಟು ಮನೆಗಳಲ್ಲಿ ಉಳಿದಿದೆಯೋ ಅಷ್ಟೇ ಆ ಪರಸ್ಥಳದ ಹೆಸರಿನ ವ್ಯಾಪ್ತಿ.

ಕೇಂದ್ರದಿಂದ ಬರುವ ಪ್ರಚಾರವು ಇಲ್ಲಿ ಹೇಗೆ ಗುರಿ ತಪ್ಪುತ್ತದೆಂಬುದಕ್ಕೆ ಕಬ್ಬಿನ ನಿದರ್ಶನ ಸಾಕು. ಕೃಷ್ಣಾ ಘಟಪ್ರಭೆಗಳ ನೀರುಂಡ ಈ ತಾಲೂಕುಗಳಲ್ಲಿ ಹಣದ ಓಡಾಟವು ಸಕ್ಕರೆ ಕಾರ್ಖಾನೆಯ ಹಂಗಾಮನ್ನು ಅವಲಂಬಿಸಿದೆ. ಅಕ್ಟೋಬರ್ ನವೆಂಬರುಗಳಲ್ಲಿ ಕಬ್ಬು ನುರಿಸುವುದು ಮೊದಲಾಗುತ್ತದೆ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ವಿಧಿಸಿದ್ದರೂ ಬಿಲ್ಲು ತಡವಾಗುವುದು ಎಲ್ಲರೂ ಬಲ್ಲ ಸಂಗತಿ. ಹೀಗಿರಲು ದೀಪಾವಳಿಗೆ ಮುಂಬಯಿಯಿಂದ ‘ಇಂದೇ ಕೊಳ್ಳಿರಿ’ ಎಂಬ ಚಿತ್ರ ಬಂದರೆ, ನೋಡುವ ಒಕ್ಕಲಿಗನ ಕಬ್ಬು ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ. ಹಣ ಕೈಸೇರಿ ಮದುವೆಯ ಮಾತು ನಡೆಯುವ ಯುಗಾದಿಯ ಆಚೀಚೆ ಕೇಂದ್ರ ಕಛೇರಿ ಮೌನವಾಗಿರುತ್ತದೆ. ಭಾಷೆಯ ವಿಷಯವೂ ಹಾಗೆಯೇ. ‘ಬರ್ರಿ, ನೋಡ್ರಿ’ ಎಂದು ಅಂಗಡಿಯಾತನು ತನ್ನ ದನಿಯಲ್ಲಿ ಆಡಿ ಕಳುಹಿಸಿದ ಅರ್ಧ ನಿಮಿಷದ ವೀಡಿಯೊವನ್ನು, ಹಿಂದಿಯಿಂದ ಕನ್ನಡಕ್ಕೆ ತಿರುಗಿಸಿ ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಚಿತ್ರಕ್ಕಿಂತ ಜನ ಹೆಚ್ಚು ಆದರದಿಂದ ನೋಡುತ್ತಾರೆ. ಆದರೂ ಸ್ವಂತ ವೀಡಿಯೊ ಹಾಕಲು ಮೂಲಸಂಸ್ಥೆಯ ಅಪ್ಪಣೆ ಬೇಕೆಂಬ ನಿಬಂಧನೆ ಕರಾರುಗಳಲ್ಲಿ ವಿರಳವಲ್ಲ. ಗುಣದ ಏಕರೂಪತೆಗೆ ನಿಯಮ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಮಾತಿಗೂ ಅದೇ ನಿಯಮವನ್ನು ವಿಸ್ತರಿಸುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಹೆಸರೂ ನಂಬಿಕೆಯೂ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಉದಾಹರಣೆಯಿದೆ. 2023ರ ಏಪ್ರಿಲಿನಲ್ಲಿ ಅಮುಲ್ ಸಂಸ್ಥೆಯು ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಟ್ವಿಟರಿನಲ್ಲಿ ಪ್ರಕಟಿಸಿತು. ವಿಧಾನಸಭಾ ಚುನಾವಣೆಯ ಕಾಲ. ಒಡನೆಯೇ ‘ನಂದಿನಿ ಉಳಿಸಿ’ ಎಂಬ ಘೋಷಣೆ ಜಾಲತಾಣಗಳನ್ನೆಲ್ಲ ತುಂಬಿತು. ಅದರಲ್ಲಿ ರಾಜಕೀಯದ ಪಾಲು ಇರಲಿಲ್ಲವೆಂದು ಹೇಳಲಾಗದು. ಆದರೂ ಹಾಲಿನ ಪೊಟ್ಟಣದ ಚಿತ್ರವನ್ನು ತಮ್ಮ ಖರ್ಚಿನಲ್ಲಿ ತಾವೇ ಹಂಚಿದ ಸಾವಿರಾರು ಮಂದಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ನಂದಿನಿ ಎಂಬುದು ಸಹಕಾರಿ ಮಹಾಮಂಡಳದ ಹೆಸರು. ವಿಜಯಪುರ ಬಾಗಲಕೋಟೆ ಜಿಲ್ಲೆಗಳ ಹಾಲು ಒಕ್ಕೂಟವೂ ಅದರ ಒಂದು ಅಂಗ. ಬೀಳಗಿಯ ಹಳ್ಳಿಯೊಂದರಲ್ಲಿ ಡೈರಿಗೆ ಹಾಲು ಹಾಕುವ ಹೆಣ್ಣುಮಗಳು ಸಂಘದ ಸದಸ್ಯೆಯಾಗಿದ್ದರೆ, ಆ ಮಟ್ಟಿಗೆ ಆ ಹೆಸರಿಗೆ ಪಾಲುದಾರಳು. ಮಳಿಗೆ ನಡೆಸುವವನು ಹೆಸರನ್ನು ಕಡ ತಂದಿದ್ದರೂ ಕೊಟ್ಟವರು ಅವನ ನೆರೆಹೊರೆಯವರೇ. ಇಂತಹ ಪ್ರಚಾರವನ್ನು ಹಣ ಕೊಟ್ಟು ಪಡೆಯುವುದು ಸಾಧ್ಯವಿಲ್ಲ.

ಸಾಮಾನ್ಯ ಫ್ರಾಂಚೈಸಿಯಲ್ಲಿ ಈ ಎರಡೂ ಬೇರೆಬೇರೆ ಕೈಗಳಲ್ಲಿರುವುದರಿಂದ ಕರಾರು ಮುಗಿದ ದಿನ ತೊಡಕು ಏಳುತ್ತದೆ. ಫ್ರಾಂಚೈಸಿಗೆಂದೇ ರಚಿತವಾದ ಕಾನೂನು ಭಾರತದಲ್ಲಿಲ್ಲ. 1872ರ ಕರಾರು ಅಧಿನಿಯಮ, 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮ ಮೊದಲಾದವುಗಳ ಆಸರೆಯಿಂದಲೇ ವ್ಯವಹಾರ ನಡೆಯಬೇಕು. ಎರಡನೆಯದರ 48ನೆಯ ಕಲಮಿನ ಮೇರೆಗೆ, ಅನುಮತಿ ಪಡೆದವನು ಚಿಹ್ನೆಯನ್ನು ಬಳಸಿದುದನ್ನು ಒಡೆಯನೇ ಬಳಸಿದಂತೆ ಎಣಿಸಲಾಗುತ್ತದೆ. ಅಂದರೆ ಊರಿನವನು ಹತ್ತು ವರ್ಷ ದುಡಿದು ಹೆಸರಿಗೆ ತಂದ ಕೀರ್ತಿಯು ಕಾನೂನಿನ ಕಣ್ಣಿನಲ್ಲಿ ಪರಸ್ಥಳದ ಒಡೆಯನದು. ಕರಾರಿನ ಅವಧಿಯಲ್ಲಿ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಬಾರದೆಂಬ ನಿಬಂಧನೆಯನ್ನು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾಕೋಲಾ ಕಂಪನಿಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಅಂಗಡಿಯ ಹೆಸರಿನ ಫೇಸ್‌ಬುಕ್ ಪುಟ ಯಾರದು? ಗಿರಾಕಿಗಳು ಉಳಿಸಿಕೊಂಡಿರುವ ಮೊಬೈಲ್ ನಂಬರು ಯಾರದು? ಸಿಮ್ ಊರಿನವನ ಹೆಸರಿನಲ್ಲಿದ್ದರೆ ಅವನು ಮರುದಿನವೇ ಬೇರೊಂದು ಫಲಕ ತೂಗುಹಾಕಿ ಅದೇ ಮಂದಿಗೆ ಸಂದೇಶ ಕಳುಹಿಸಬಲ್ಲನು. ಸಂಸ್ಥೆಯ ಹೆಸರಿನಲ್ಲಿದ್ದರೆ ಅವನ ಹತ್ತು ವರ್ಷದ ಪರಿಚಯವೆಲ್ಲ ಒಂದು ಸಂಜೆಗೆ ಮುಂದಿನವನ ಪಾಲಾಗುತ್ತದೆ. ಇದರ ಮೇಲೆ, ಗಿರಾಕಿಯ ನಂಬರು ಗಿರಾಕಿಯ ಸ್ವಂತ ವಿಷಯವೆಂದೂ ಒಪ್ಪಿಗೆಯಿಲ್ಲದೆ ಬಳಸತಕ್ಕದ್ದಲ್ಲವೆಂದೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮದ ಆಶಯ. ರುಜು ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳಲ್ಲಿ ರಾಯಲ್ಟಿಯ ದರಕ್ಕಿಂತಲೂ ಇದು ದೊಡ್ಡದೆಂದು ನಾವು ತಿಳಿಯುತ್ತೇವೆ.

ರುಜುವಿಗಿಂತ ಮೊದಲೇ ಮೋಸಹೋಗುವವರೂ ಉಂಟು. ಹೆಸರಾಂತ ಸಂಸ್ಥೆಗಳ ಫ್ರಾಂಚೈಸಿ ಕೊಡಿಸುವೆವೆಂದು ಜಾಲತಾಣದಲ್ಲಿ ಜಾಹೀರಾತು ಹಾಕಿ ನೋಂದಣಿ ಶುಲ್ಕವೆಂದು ಹಣ ಕೀಳುವುದು ಒಂದು ಕಸುಬೇ ಆಗಿದೆ. ತನ್ನ ಹೆಸರಿನ ಇಂತಹ ನಕಲಿ ತಾಣಗಳ ವಿರುದ್ಧ ಅಮುಲ್ ಹಾಲು ಮಹಾಮಂಡಳವು 2020ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮೊರೆಹೋಗಬೇಕಾಯಿತು. ಮಗನಿಗೊಂದು ದಾರಿ ಮಾಡಿಕೊಡಬೇಕೆಂದು ಹೊಲ ಮಾರಿದ ಹಣ ಹಿಡಿದು ಕುಳಿತ ತಂದೆಗೆ ಜಾಹೀರಾತಿನ ಅಂದಚಂದವೇ ಪ್ರಮಾಣಪತ್ರವಾಗಿ ಕಾಣುವುದು ಸಹಜ. ಮೂಲಸಂಸ್ಥೆಯ ಕಛೇರಿಗೆ ಹೋಗಿ, ಈಗಾಗಲೇ ಮಳಿಗೆ ನಡೆಸುತ್ತಿರುವ ಇಬ್ಬರನ್ನಾದರೂ ಕಂಡು ಬಾರದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು.

ಈಗ ರಬಕವಿ-ಬನಹಟ್ಟಿಯ ಸೀರೆಗೆ ಬರುತ್ತೇವೆ. ಇಲ್ಲಿ ಸ್ಥಿತಿ ತಿರುಗುಮುರುಗಾಗಿದೆ. ಫ್ರಾಂಚೈಸಿಯಲ್ಲಿ ಸರಕಿಗಿಂತ ಹೆಸರು ಮುಂದಾದರೆ, ಇಲ್ಲಿ ಸರಕಿದೆ, ಹೆಸರಿಲ್ಲ. ಇಳಕಲ್ಲಿನ ಸೀರೆಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತು ಅದರ ಹೆಸರು ನಾಡೆಲ್ಲ ಬಲ್ಲುದಾಯಿತು. ಅವಳಿ ಊರುಗಳ ಕೈಮಗ್ಗ ವಿದ್ಯುನ್ಮಗ್ಗಗಳಿಂದ ಇಳಿದ ಸೀರೆಯಾದರೋ ದೂರದ ಅಂಗಡಿಯನ್ನು ಮುಟ್ಟುವಷ್ಟರಲ್ಲಿ ಬೇರೊಬ್ಬರ ಚೀಟಿಯನ್ನು ಅಂಟಿಸಿಕೊಂಡಿರುತ್ತದೆ. ಮಾಲೀಕನಿಂದ ನೂಲು ಪಡೆದು ಮಜೂರಿಗೆ ನೇಯುವವನಿಗೆ ತನ್ನ ಸೀರೆ ಎಲ್ಲಿಗೆ ಹೋಯಿತೆಂಬುದೂ ತಿಳಿಯದು. 2020ರ ಲಾಕ್‌ಡೌನಿನಲ್ಲಿ ಪೇಟೆಗಳು ಮುಚ್ಚಿದಾಗ ಸೀರೆಗಳು ಮನೆಗಳಲ್ಲಿಯೇ ಒಟ್ಟಿದವು. ಸರಕಾರ ನೇಕಾರ ಸಮ್ಮಾನ ಯೋಜನೆಯಡಿ ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಮುಂದಾದುದು ಆ ವರ್ಷವೇ.

ಮೊಬೈಲಿನ ಮೂಲಕ ಸೀರೆ ಮಾರುವ ದಾರಿಯಂತೂ ಮೊದಲೇ ತೆರೆದಿತ್ತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಕಂಪನಿಯು, ಮನೆಯಲ್ಲಿರುವ ಹೆಂಗಸರು ಸರಕಿನ ಚಿತ್ರಗಳನ್ನು ವಾಟ್ಸ್ಆಪಿನಲ್ಲಿ ಬಂಧುಬಳಗಕ್ಕೆ ಕಳುಹಿಸಿ, ತಮ್ಮ ಲಾಭವನ್ನು ಬೆಲೆಗೆ ಸೇರಿಸಿಕೊಂಡು ಮಾರುವ ಪದ್ಧತಿಯಿಂದಲೇ ಬೆಳೆಯಿತು. ಇದು ಠೇವಣಿಯೂ ಫಲಕವೂ ಇಲ್ಲದ ಒಂದು ಬಗೆಯ ಫ್ರಾಂಚೈಸಿ. ಆದರೆ ಚಿತ್ರವು ಒಬ್ಬರಿಂದೊಬ್ಬರಿಗೆ ದಾಟುವಾಗ ಬೆಲೆ ಬೆಳೆಯುತ್ತದೆಯೇ ಹೊರತು ನೇಯ್ದವನ ಊರಿನ ಹೆಸರು ಜೊತೆಗೆ ಹೋಗುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಕಠಿಣ. ಕೈಮಗ್ಗದ ಸೀರೆಯನ್ನು ಬಲ್ಲವರು ಕೈಯಿಂದ ಮುಟ್ಟಿ, ಅಂಚನ್ನು ತಿರುವಿ ಹಿಂಬದಿಯನ್ನು ನೋಡಿ ಗುರುತಿಸುತ್ತಾರೆ. ಮೊಬೈಲಿನ ಗಾಜಿನ ಮೇಲೆ ಕೈಮಗ್ಗದ್ದೂ ವಿದ್ಯುನ್ಮಗ್ಗದ್ದೂ ಒಂದೇ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಅಧಿನಿಯಮವಾಗಲಿ, 2006ರ ಹ್ಯಾಂಡ್‌ಲೂಮ್ ಮಾರ್ಕ್ ಆಗಲಿ ಚಿತ್ರವನ್ನು ಕಾಯಲಾರವು. ಎರಡೂ ಮಗ್ಗಗಳಿರುವ ಊರಿನಲ್ಲಿ ಒಂದೇ ಹೆಸರಿನಡಿ ಎರಡನ್ನೂ ಮಾರಿದರೆ ಮೊದಲು ಕೆಡುವುದು ಕೈಮಗ್ಗದವನ ಬದುಕು. ಆದಕಾರಣ ವಿದ್ಯುನ್ಮಗ್ಗದ ಸೀರೆಯನ್ನು ವಿದ್ಯುನ್ಮಗ್ಗದ್ದೆಂದೇ ಹೇಳಿ ಮಾರಬೇಕು. ಹಾಗೆ ಮಾರುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ, ಅದಕ್ಕೂ ಕೊಳ್ಳುವವರಿದ್ದಾರೆ. ಕೈಮಗ್ಗದ್ದಾದರೆ ಸೀರೆ ಮಗ್ಗದ ಮೇಲಿರುವಾಗಲೇ ಲಾಳಿಯ ಓಡಾಟ ಕಾಣುವಂತೆ ತೆಗೆದ ವೀಡಿಯೊವನ್ನು ಜೊತೆಗೆ ಕಳುಹಿಸುವುದು ಚಿತ್ರಕ್ಕಿಂತ ಉತ್ತಮ ಸಾಕ್ಷಿ.

ಪರಸ್ಥಳದ ಹೆಸರಿಗೆ ಠೇವಣಿ ಕಟ್ಟಬಲ್ಲ ಈ ಪೇಟೆಗಳು ತಮ್ಮ ನೇಯ್ಗೆಗೆ ಒಂದು ಹೆಸರನ್ನು ಕಟ್ಟಿ ಇತರರಿಗೆ ಬಾಡಿಗೆಗೆ ಕೊಡಬಾರದೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು ಸಂಘವೊಂದರ ಸದಸ್ಯರೆಲ್ಲರೂ ಬಳಸಬಹುದಾದ ಸಾಮೂಹಿಕ ಚಿಹ್ನೆಯನ್ನು ನೋಂದಾಯಿಸಲು ಆಸ್ಪದ ಕೊಡುತ್ತದೆ. ಅಂತಹ ಚಿಹ್ನೆಯಿದ್ದರೆ ಹುಬ್ಬಳ್ಳಿಯ ಅಥವಾ ಸಾಂಗಲಿಯ ಅಂಗಡಿಯವನು ನೇಕಾರರ ಸಂಘದಿಂದಲೇ ಹಕ್ಕು ಪಡೆಯಬೇಕಾಗುತ್ತದೆ; ರಾಯಲ್ಟಿ ಹರಿಯುವ ದಿಕ್ಕು ಬದಲಾಗುತ್ತದೆ. ಅರ್ಜಿಯ ಜೊತೆಗೆ ಚಿಹ್ನೆಯ ಬಳಕೆಯ ನಿಯಮಾವಳಿಯನ್ನೂ ಸಲ್ಲಿಸಬೇಕೆಂಬುದು ಆ ಅಧಿನಿಯಮದ ಕಟ್ಟಳೆ. ಯಾವ ಮಗ್ಗದ ಸೀರೆಗೆ ಯಾವ ಗುರುತು, ಚಿತ್ರದ ಕೆಳಗೆ ಊರಿನ ಹೆಸರು ಹೇಗೆ ಬರಬೇಕು, ಮಾರಾಟದ ಮೊಬೈಲ್ ನಂಬರು ಯಾರ ಹೆಸರಿನಲ್ಲಿರಬೇಕು ಎಂಬುದನ್ನೆಲ್ಲ ಅದರಲ್ಲಿಯೇ ಬರೆದಿಡುವುದಕ್ಕೆ ಅಡ್ಡಿಯಿಲ್ಲ.