ಜೀಪಿನ ಗದ್ದಲಕ್ಕೂ ಮದ್ದುಂಟು

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ದಾರಿಗಳಲ್ಲಿ ಜೀಪಿಲ್ಲದೆ ಬದುಕು ಸಾಗದು. ಆಸ್ಪತ್ರೆಗೆ ಹೋಗಬೇಕಾದರೂ ಅದೇ, ಮದುವೆಗೆ ಹೋಗಬೇಕಾದರೂ ಅದೇ. ಕೆಸರು, ಕಲ್ಲು, ಏರು ಯಾವುದಕ್ಕೂ ಅದು ಅಂಜುವುದಿಲ್ಲ. ಆದರೆ ಒಳಗೆ ಕುಳಿತವರ ಪಾಡೇನು? ಮುಂದಿನ ಸೀಟಿನವರ ಮಾತು ಹಿಂದಿನವರಿಗೆ ಕೇಳಿಸದು. ಮಡಿಲಲ್ಲಿರುವ ಮಗು ಬೆಚ್ಚಿ ಏಳುತ್ತದೆ. ಇಳಿದ ಮೇಲೂ ಹಿರಿಯರ ಕಿವಿಯಲ್ಲಿ ಗುಂಯ್‌ಗುಡುವುದು ನಿಲ್ಲದು. 'ಜೀಪೆಂದರೆ ಹಾಗೆಯೇ' ಎಂದು ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬೇಕಾಗಿಲ್ಲ.

ಇದು ಬರೀ ಆರಾಮದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 90 ಡೆಸಿಬಲ್‌ಗೆ ಏರಿದರೆ ಆ ಮಿತಿ ವಾರಕ್ಕೆ ಕೇವಲ 4 ಗಂಟೆಗೆ ಇಳಿಯುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ದಿನವಿಡೀ ಜೀಪು ಓಡಿಸಿ ಮನೆಯವರ ಹೊಟ್ಟೆ ಹೊರೆಯುವ ಚಾಲಕರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಸದ್ದು ಬರುವುದೆಲ್ಲಿಂದ?

ಹೆಚ್ಚಿನ ಜೀಪುಗಳಲ್ಲಿ ಕೆಳಗೆ ಗಟ್ಟಿಯಾದ ಉಕ್ಕಿನ ಚಾಸಿಸ್ ಇರುತ್ತದೆ. ಅದರ ಮೇಲೆ ರಬ್ಬರ್ ತುಂಡುಗಳನ್ನಿಟ್ಟು ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಸದ್ದು ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಸಂದು, ತೂತುಗಳ ಮೂಲಕ ಗಾಳಿಯಲ್ಲಿ. ಇನ್ನೊಂದು, ಇಂಜಿನ್ ಮತ್ತು ಚಕ್ರಗಳ ನಡುಕ ಕಬ್ಬಿಣದ ಮೂಲಕ ಹರಿದು ಬಂದು ತಗಡನ್ನು ನಡುಗಿಸಿದಾಗ. ಆಗ ಅಗಲವಾದ ತಗಡು ತಮಟೆಯ ಚರ್ಮದಂತೆ ಬಡಿದುಕೊಳ್ಳುತ್ತದೆ.

ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಅದರಲ್ಲಿ ಸೆಕೆಂಡಿಗೆ 80 ಸಲ ಇಂಧನ ಉರಿಯುತ್ತದೆ. ತಗಡಿನ ಸ್ವಂತ ಕಂಪನವೂ ಅದಕ್ಕೆ ಸರಿಹೊಂದಿದರೆ ಜೀಪಿನೊಳಗೆ 'ಭೂಂ' ಎಂಬ ಮೊರೆತ ತುಂಬುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಲೆ ಸಿಡಿಯುವಂತಾಗಲು ಕಾರಣ ಇದೇ.

ಮೊದಲು ಪತ್ತೆ, ಆಮೇಲೆ ಖರ್ಚು

ಅಂಗಡಿಗೆ ಹೋಗಿ ಶೀಟು ತರುವ ಮೊದಲು ಒಂದು ಪರೀಕ್ಷೆ ಮಾಡಿ. ವಾಹನ ನಿಂತಿರುವಾಗ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ಓಡುವಾಗ ಕೇಳುವ ಅದೇ ಮೊರೆತ ಆಗಲೂ ಕೇಳಿದರೆ ಅದು ಇಂಜಿನ್ ಅಥವಾ ಸೈಲೆನ್ಸರ್ ಕಡೆಯದು. ಓಡುವಾಗ ಮಾತ್ರ ಬಂದು ವೇಗದೊಂದಿಗೆ ಏರುವ ಸದ್ದಾದರೆ ಟಯರು, ಬೇರಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸಂಶಯಪಡಿ. ದಪ್ಪ ಹಲ್ಲಿನ ಕೆಸರು ಟಯರುಗಳು ಡಾಂಬರು ರಸ್ತೆಯಲ್ಲಿ ಹೆಚ್ಚು ಮೊರೆಯುತ್ತವೆ. ವರ್ಷದ ಹೆಚ್ಚಿನ ದಿನ ಡಾಂಬರಿನಲ್ಲೇ ಓಡುವವರಿಗೆ ಎಲ್ಲ ದಾರಿಗೂ ಹೊಂದುವ ಸಾಧಾರಣ ಹಲ್ಲಿನ ಟಯರೇ ಮೇಲು.

ಮೊದಲು ಗ್ಯಾರೇಜಿನ ಕೆಲಸ ಮುಗಿಸಿ. ಇಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದೆಯೇ? ಬಾಡಿಯ ಕೆಳಗಿನ ರಬ್ಬರ್ ಒಣಗಿ ಬಿರಿದಿದೆಯೇ? ಶಾಫ್ಟಿನ ಕ್ರಾಸ್ ಸವೆದಿದೆಯೇ? ಬಾಗಿಲಿನ ಕೀಲು, ಬೀಗ, ಸೀಟಿನ ಬೋಲ್ಟುಗಳು ಸಡಿಲಾಗಿವೆಯೇ? ಇವು ಸರಿಯಾಗದೆ ಎಷ್ಟು ಶೀಟು ಅಂಟಿಸಿದರೂ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಸೈಲೆನ್ಸರ್ ಪೈಪಿನಲ್ಲಿ ತೂತಿದ್ದರೆ ಒಂದು ದಿನವೂ ತಡಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನೆಲದ ಸಂದಿನಿಂದ ಅದು ಒಳಗೆ ನುಗ್ಗಿದರೆ ಪ್ರಾಣಕ್ಕೇ ಅಪಾಯ.

ಸಂದು ಮುಚ್ಚಿ

ರಾತ್ರಿ ಹೊತ್ತು ಒಬ್ಬರು ಕತ್ತಲಲ್ಲಿ ಒಳಗೆ ಕುಳಿತುಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಬಾಗಿಲಿನ ಅಂಚಿಗೆ ಟಾರ್ಚ್ ಹಿಡಿಯಲಿ. ಬೆಳಕು ನುಸುಳಿದಲ್ಲಿ ಸದ್ದೂ ನುಸುಳುತ್ತದೆ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಬೀಡಿಂಗ್ ಬದಲಿಸಬೇಕು. ಗೇರ್ ಲಿವರಿನ ಬುಡದ ರಬ್ಬರ್ ಹೊದಿಕೆ, ಇಂಜಿನ್ ಕಡೆಯ ಗೋಡೆಯಲ್ಲಿ ವೈರು ಹಾದುಬರುವ ತೂತುಗಳು, ಇವನ್ನೂ ಮರೆಯಬೇಡಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುವುದು ಇಲ್ಲಿಯೇ.

ತಗಡಿಗೆ ಹೊದಿಕೆ

ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ. 'ಟಣ್' ಎಂದರೆ ಅದು ನಡುಗುವ ಜಾಗ, 'ದಬ್' ಎಂದರೆ ಸುಮ್ಮನಿರುವ ಜಾಗ. 'ಟಣ್' ಎನ್ನುವಲ್ಲಿ ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ರಬ್ಬರ್ ಶೀಟು ಅಂಟಿಸಬೇಕು. ಅದು ತಗಡಿನ ನಡುಕವನ್ನು ಹೀರಿ ಅತಿ ಸಣ್ಣ ಪ್ರಮಾಣದ ಬಿಸಿಯಾಗಿ ಬದಲಿಸುತ್ತದೆ. ಇಡೀ ತಗಡನ್ನು ಮುಚ್ಚಬೇಕಾಗಿಲ್ಲ. ಅಗಲವಾದ ಭಾಗದ ನಡುವೆ ಕಾಲು ಭಾಗದಷ್ಟು ಅಂಟಿಸಿದರೂ ವ್ಯತ್ಯಾಸ ತಿಳಿಯುತ್ತದೆ. ತುಕ್ಕು, ಎಣ್ಣೆ, ಧೂಳು ತೆಗೆದು ಒಣಗಿಸಿ, ಶೀಟನ್ನು ರೋಲರಿನಿಂದ ಗಟ್ಟಿಯಾಗಿ ಒತ್ತಬೇಕು. ಗಾಳಿ ಉಳಿದರೆ ಅದು ಕೆಲಸ ಮಾಡದು.

ಈ ಶೀಟು ನಡುಕವನ್ನು ತಡೆಯುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನಲ್ಲ. ಅದಕ್ಕೆ ನೆಲದ ಮೇಲೆ ನೀರು ಹೀರದ ಫೋಮ್, ಅದರ ಮೇಲೆ ಭಾರವಾದ ರಬ್ಬರ್ ಮ್ಯಾಟು ಹಾಸಬೇಕು.

ಇಷ್ಟು ಎಚ್ಚರವಿರಲಿ

ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗುವ ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚಿದರೆ ಮಲೆನಾಡಿನ ಮಳೆಗೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ನೀರು ಹೀರುವ ಸ್ಪಂಜು, ಗೋಣಿ, ಹಳೆಯ ಕಾರ್ಪೆಟ್ ಹಾಸುವುದೂ ತುಕ್ಕಿಗೆ ಆಹ್ವಾನ. ಮನೆಯ ಮಾಡಿಗೆ ಅಂಟಿಸುವ ಡಾಂಬರು ಶೀಟು ಅಗ್ಗವೆಂದು ತರಬೇಡಿ. ಬಿಸಿಲಿಗೆ ಅದು ಕರಗಿ ನಾರುತ್ತದೆ. ಬೆಂಕಿ ಬೇಗ ಹಿಡಿಯುವ ಥರ್ಮೋಕೋಲನ್ನು ಇಂಜಿನ್ ಬಳಿ ಬಳಸಲೇಬೇಡಿ. ಏರ್‌ಬ್ಯಾಗ್ ಇರುವ ಹೊಸ ಗಾಡಿಯಾದರೆ ಅದರ ವೈರು, ಹೊದಿಕೆಗಳನ್ನು ಬಲ್ಲವರೇ ಮುಟ್ಟಲಿ.

ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಮೊಬೈಲಿನ ಸದ್ದು ಅಳೆಯುವ ಆಪ್‌ನಿಂದ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಒಂದೇ ಗೇರಿನಲ್ಲಿ ಅಳೆದು ಬರೆದಿಡಿ. ಅಳೆಯುವ ಕೆಲಸ ಚಾಲಕನದ್ದಲ್ಲ, ಪಕ್ಕದಲ್ಲಿ ಕುಳಿತವರದ್ದು. ಜೀಪು ಕಾರಿನಂತೆ ನಿಶ್ಶಬ್ದವಾಗುತ್ತದೆಂಬ ಆಸೆ ಬೇಡ. 3 ಡೆಸಿಬಲ್ ಇಳಿದರೆ ಕಿವಿಗೆ ಬೀಳುವ ಶಬ್ದಶಕ್ತಿ ಅರ್ಧವಾಯಿತೆಂದೇ ಲೆಕ್ಕ. ಹಿಂದಿನ ಸೀಟಿನ ಅಜ್ಜಿ 'ಸ್ವಲ್ಪ ನಿಲ್ಲಿಸಪ್ಪಾ' ಎಂದದ್ದೂ ಕೇಳುತ್ತದೆ. ಅಷ್ಟಾದರೆ ಹಾಕಿದ ಹಣಕ್ಕೆ ಮೋಸವಿಲ್ಲ.