ಬಂಡೆಯ ಬಿರುಕಿನಲ್ಲಿ ಬದುಕು

ದಕ್ಷಿಣ ಆಫ್ರಿಕದ ಉತ್ತರ ಭಾಗದಲ್ಲಿ ಹುಲ್ಲೂ ಮುಳ್ಳುಮರಗಳೂ ಬೆರೆತು ಬೆಳೆದ ವಿಶಾಲವಾದ ಪ್ರದೇಶವೊಂದಿದೆ. ಅದಕ್ಕೆ ಬುಷ್‌ವೆಲ್ಡ್ ಎಂದು ಹೆಸರು. ಅಲ್ಲಿ ಮಳೆ ಬೀಳುವುದು ಬಹುಮಟ್ಟಿಗೆ ಬೇಸಗೆಯಲ್ಲಿ, ಅಂದರೆ ಅಕ್ಟೋಬರಿನಿಂದ ಮಾರ್ಚಿಯವರೆಗೆ; ಚಳಿಗಾಲವೆಲ್ಲ ಒಣಹವೆ. ಈ ಹವೆಗೆ ಒಗ್ಗಿಕೊಂಡ ಅಲ್ಲಿನ ಗಿಡಮರಗಳು ನಮಗೆ ತೀರ ಅಪರಿಚಿತವಾದವುಗಳಲ್ಲ. ಕೊಡೆಯಂತೆ ಹರಡಿ ನಿಲ್ಲುವ ಮುಳ್ಳುಮರವು ನಮ್ಮ ಜಾಲಿಯ ಬಳಗದ್ದು. ಒಂದು ನೆಟ್ಟನೆಯ ಮುಳ್ಳು, ಒಂದು ಕೊಕ್ಕೆಮುಳ್ಳು, ಹೀಗೆ ಜೋಡಿಮುಳ್ಳು ಹೊತ್ತ ಮರವೊಂದು ನಮ್ಮ ಬೋರೆಯ ಸಂಬಂಧಿ. ಹುಳಿಸಿಹಿಯಾದ ಹಣ್ಣನ್ನು ಕೊಡುವ ಮರೂಲ ಮಾವಿನ ಕುಟುಂಬಕ್ಕೆ ಸೇರಿದುದು.

ಈ ಸೀಮೆಯ ರಸ್ಟನ್‌ಬರ್ಗ್ ಮತ್ತು ಬ್ರಿಟ್ಸ್ ಪಟ್ಟಣಗಳ ಸುತ್ತಮುತ್ತ ನೊರೈಟ್ ಎಂಬ ಕಪ್ಪುಶಿಲೆಯ ಗುಡ್ಡಗಳಿವೆ. ಸುಮಾರು 205 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಮೇಲೇರಿದ ಶಿಲಾರಸವು ನೆಲದೊಳಗೇ ತಣಿದು ಈ ಶಿಲೆಯಾಯಿತು. ಮೇಲಿನ ಪದರಗಳು ಸವೆದುಹೋದ ಮೇಲೆ ಅದು ಬಯಲಿಗೆ ಬಂದಿತು. ಬಿಸಿಲು ಮಳೆಗಳು ಬಂಡೆಯನ್ನು ಬಿರಿಸಿದವು. ಬಿರುಕುಗಳಲ್ಲಿ ಹಿಡಿಹಿಡಿ ಮಣ್ಣು ಸೇರಿತು. ಅಂಥ ಕಡೆ ಕಲ್ಲತ್ತಿಯ ಮರವೊಂದು ಬೇರೂರುತ್ತದೆ. ಅದರ ಬಿಳಿಯ ಬೇರುಗಳು ಬಂಡೆಯನ್ನು ತಬ್ಬಿ ಹರಿದು, ಸಂದುಗಳಲ್ಲಿ ಇಳಿದು ನೀರನ್ನು ಅರಸುತ್ತವೆ. ಅದರ ಹಣ್ಣು ಹಕ್ಕಿಗಳಿಗೂ ಕೋತಿಗಳಿಗೂ ಆಹಾರ.

ಇದೇ ಶಿಲೆಯನ್ನು ನುಣುಪುಗೊಳಿಸಿದರೆ ಕನ್ನಡಿಯಂತೆ ಹೊಳೆಯುತ್ತದೆ. ‘ಕಪ್ಪು ಗ್ರಾನೈಟ್’ ಎಂಬ ಹೆಸರಿನಿಂದ ಅದು ಕಟ್ಟಡಗಳಿಗೂ ಸಮಾಧಿಗಳಿಗೂ ಒದಗುತ್ತದೆ. ಆದರೆ ಕಲ್ಲುಗಣಿ ತೆರೆಯುವಾಗ ಮೊದಲು ಹೋಗುವುದು ಮೇಲಿನ ಗಿಡ ಮತ್ತು ಮಣ್ಣು. ಬಳಿಕ ಬಂಡೆಗೆ ರಂಧ್ರ ಕೊರೆದು, ದೊಡ್ಡ ದೊಡ್ಡ ದಿಮ್ಮಿಗಳನ್ನು ಬೇರ್ಪಡಿಸುತ್ತಾರೆ. ಬಿರುಕು ಕಂಡ ದಿಮ್ಮಿಗೆ ಬೆಲೆಯಿಲ್ಲ. ಅದನ್ನು ಪಕ್ಕಕ್ಕೆ ಉರುಳಿಸುತ್ತಾರೆ. ಅಗೆಯದೆ ಬಿಟ್ಟ ಇಳಿಜಾರಿನ ಸಸ್ಯಗಳೂ ಆ ರಾಶಿಯ ಅಡಿಯಲ್ಲಿ ಹುದುಗಿಹೋಗುತ್ತವೆ. ಗಿಡಕ್ಕೆ ಆಶ್ರಯವಾದ ಬಿರುಕೇ ವ್ಯಾಪಾರಿಗೆ ದೋಷ! ಹೀಗೆ ಬರಿದಾದ ನೆಲವನ್ನು, ನಮ್ಮ ಕಾಡುಗಳನ್ನೂ ಕಾಡುತ್ತಿರುವ ಲಂಟಾನದಂತಹ ಪರದೇಶದ ಕಳೆಗಳು ಆಕ್ರಮಿಸಿಕೊಳ್ಳುತ್ತವೆ.

ಕಲ್ಲುಗಣಿಯಿಂದ ಅನೇಕರಿಗೆ ಉದ್ಯೋಗ ದೊರೆಯುತ್ತದೆ ಎಂಬುದು ನಿಜ. ಆದುದರಿಂದ ಅದನ್ನು ಒಮ್ಮೆಲೆ ನಿಲ್ಲಿಸಿಬಿಡಿ ಎನ್ನುವುದು ಸುಲಭವಲ್ಲ. ಕೆಡಿಸಿದ ನೆಲವನ್ನು ಸಾಧ್ಯವಾದಮಟ್ಟಿಗೆ ಸರಿಪಡಿಸುವ ಹೊಣೆ ಗಣಿ ನಡೆಸುವವರದೇ ಎಂದು ಆ ದೇಶದ 2002ರ ಖನಿಜ ಕಾಯಿದೆ ವಿಧಿಸಿತು. ಮರೂಲ ಮರವನ್ನು ಅಲ್ಲಿನ ಅರಣ್ಯ ಕಾಯಿದೆ ರಕ್ಷಿಸುತ್ತದೆ. ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ.

ಆದರೂ ಒಂದು ಮಾತನ್ನು ಮರೆಯಲಾಗದು. ಗುಂಡಿಯನ್ನು ಮುಚ್ಚಬಹುದು, ಮಣ್ಣು ಹರಡಿ ಹುಲ್ಲು ಬೆಳೆಸಬಹುದು. ಆದರೆ ಕಡಿದು ಒಯ್ದ ಗುಡ್ಡವನ್ನು ಮತ್ತೆ ನಿಲ್ಲಿಸುವ ಬಗೆ ಯಾರಿಗೂ ತಿಳಿಯದು. ಬಿಸಿಲು, ಮಳೆ, ಬೇರುಗಳು ಯುಗಯುಗಗಳಿಂದ ತೆರೆದ ಬಿರುಕುಗಳನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ಆದುದರಿಂದ ಎಷ್ಟು ಅಗೆಯಬಹುದು ಎಂದು ಲೆಕ್ಕ ಹಾಕುವ ಮೊದಲು, ಯಾವ ಗುಡ್ಡವನ್ನು ಮುಟ್ಟಬಾರದು ಎಂಬುದನ್ನು ನಿರ್ಣಯಿಸುವುದೇ ವಿವೇಕ.