ರಾತ್ರಿ ಹನ್ನೆರಡರೊಳಗೆ ಊರು ಸೇರುವ ದೇವರು

ಇಟಲಿಯ ರೋಮ್ ನಗರದ ಉತ್ತರಕ್ಕೆ, ಗುಡ್ಡದ ನೆತ್ತಿಯ ಮೇಲೆ ಚಿವಿತಾ ಎಂಬ ಪುಟ್ಟ ಊರಿದೆ. ಎಟ್ರುಸ್ಕನ್ನರು ಸುಮಾರು 2500 ವರ್ಷಗಳ ಹಿಂದೆ ಕಟ್ಟಿದ್ದು. ಮೇಲೆ ಜ್ವಾಲಾಮುಖಿಯ ಕಲ್ಲು, ಅಡಿಯಲ್ಲಿ ಜೇಡಿಮಣ್ಣು. ಮಳೆಗೆ ಮಣ್ಣು ಕೊಚ್ಚಿಹೋಗಿ ಅಂಚಿನ ಮನೆಗಳು ಒಂದೊಂದಾಗಿ ಕಣಿವೆಗೆ ಜಾರಿವೆ. 1695ರ ಭೂಕಂಪವಾದ ಮೇಲಂತೂ ಬಿಷಪ್ಪರೇ ಪಕ್ಕದ ಬಾನ್ಯೊರೆಜ್ಯೊ ಊರಿಗೆ ಹೊರಟುಹೋದರು. ಈಗ ಉಳಿದಿರುವವರು ಬೆರಳೆಣಿಕೆಯ ಮಂದಿ. ಹೋಗಿಬರಲು 1965ರಲ್ಲಿ ಕಟ್ಟಿದ ಕಾಲುಸೇತುವೆಯೊಂದೇ ದಾರಿ. ನೋಡಲು ಬರುವವರಿಗೆ 2013ರಿಂದ ಟಿಕೆಟ್ಟೂ ಉಂಟು!

ಎಲ್ಲ ಹೋದರೂ ದೇವರನ್ನು ಮಾತ್ರ ಇವರು ಬಿಟ್ಟುಕೊಟ್ಟಿಲ್ಲ ನೋಡಿ. ಇಲ್ಲಿನ ಸಂತ ದೊನಾತೊ ಇಗರ್ಜಿಯಲ್ಲಿ 15ನೇ ಶತಮಾನದ ಮರದ ಯೇಸುಮೂರ್ತಿಯಿದೆ. 1499ರಲ್ಲಿ ಪ್ಲೇಗು ಬಂದಾಗ ದಿನವೂ ಬಂದು ಬೇಡಿಕೊಳ್ಳುತ್ತಿದ್ದ ಹೆಂಗಸೊಬ್ಬಳಿಗೆ, ಕಷ್ಟ ಇನ್ನು ಮುಗಿಯಿತೆಂದು ಆ ಮೂರ್ತಿಯೇ ನುಡಿಯಿತಂತೆ.

ಮೂರ್ತಿಯ ತೋಳುಗಳನ್ನು ಮಡಿಸಬಹುದು. ಗುಡ್ ಫ್ರೈಡೆಯಂದು ಶಿಲುಬೆಯಿಂದ ಇಳಿಸಿ, ಚಟ್ಟದ ಮೇಲೆ ಮಲಗಿಸಿ, ಬಾನ್ಯೊರೆಜ್ಯೊದ ಮೆರವಣಿಗೆಗೆ ಒಯ್ಯುತ್ತಾರೆ. ಆದರೆ ಮಧ್ಯರಾತ್ರಿಯೊಳಗೆ ವಾಪಸ್ಸು ತರಲೇಬೇಕು; ತಪ್ಪಿದರೆ ಮೂರ್ತಿ ಆ ಊರಿಗೇ ಸೇರಿತೆಂದು ಕಟ್ಟಳೆ. ಎರವಲು ಕೊಟ್ಟ ಪಾತ್ರೆ ಪಕ್ಕದ ಮನೆಯಲ್ಲೇ ಉಳಿದುಹೋಗುವುದನ್ನು ಕಂಡ ನಮಗೆ ಇದು ಅರ್ಥವಾಗದೇ? ಸೇತುವೆಯ ಕೊನೆಯ ಏರು ಬಲು ಕಡಿದು. ಆದರೂ ಕತ್ತಲಲ್ಲಿ ಹೊತ್ತು ತಂದು, ಹೊತ್ತಿಗೆ ಮುಂಚೆಯೇ ಇಗರ್ಜಿ ಸೇರಿಸುತ್ತಾರೆ.